ಯಂತ್ರತಾಳದ ಮೇಲೆ ಹತ್ತು ರಾಗ: ಒಂದು ಧ್ವನಿಮುದ್ರಿಕೆಯ ಬಾಳಿಕೆಯನ್ನು ಕುರಿತು

ಕಾವ್ಯವಾಗಲಿ ಗಾನವಾಗಲಿ, ಹುಟ್ಟಿದ ಕಾಲದಲ್ಲಿ ಪಡೆದ ಮನ್ನಣೆಯೊಂದರಿಂದಲೇ ಅದರ ಬೆಲೆ ಕಟ್ಟಲಾಗದು. ಬಂದ ದಿನ ಊರೆಲ್ಲ ಗುನುಗಿದ ಹಾಡು ಮರುವರ್ಷಕ್ಕೆ ಮರೆತುಹೋಗುವುದುಂಟು. ಯಾರೂ ಕಿವಿಗೊಡದೆ ಬಿಟ್ಟ ಕೃತಿಯೊಂದು ಒಂದು ತಲೆಮಾರು ಕಳೆದ ಮೇಲೆ ಎದ್ದು ಬರುವುದೂ ಉಂಟು. ಅಂತಹ ಒಂದು ಧ್ವನಿಮುದ್ರಿಕೆಯನ್ನು ಈ ಲೇಖನದಲ್ಲಿ ಪರಾಮರ್ಶಿಸಬೇಕೆಂದಿದ್ದೇನೆ. ಅದು 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಅವರು ನುಡಿಸಿದ, ಎಚ್.ಎಂ.ವಿ. ಮುದ್ರೆಯಲ್ಲಿ ಹೊರಬಂದ ‘ಸಿಂಥೆಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ತಟ್ಟೆ. ಹೆಸರೇ ಹೇಳುವಂತೆ ಡಿಸ್ಕೊ ತಾಳದ ಮೇಲೆ ಹತ್ತು ರಾಗಗಳು. ಇದರಲ್ಲಿ ಗಾಯಕರಿಲ್ಲ, ತಬಲಾ ಇಲ್ಲ, ತಂಬೂರಿಯೂ ಇಲ್ಲ. ಇರುವುದು ವಿದ್ಯುನ್ಮಾನ ಯಂತ್ರಗಳು ಮತ್ತು ಅವುಗಳ ಹಿಂದೆ ಕುಳಿತ ಒಬ್ಬ ವಾದಕ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕುಣಿತದ ಸಂಗೀತದ ವಿಮರ್ಶೆಗೆ ಎಡೆಯುಂಟೆ ಎಂದು ಹಿರಿಯರು ಕೇಳಬಹುದು. ಎಡೆಯುಂಟೆಂದೇ ನನ್ನ ಭಾವನೆ. ಏಕೆಂದರೆ ಈ ತಟ್ಟೆ ನಮ್ಮ ಮುಂದಿಡುವ ಪ್ರಶ್ನೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಆದಿಯಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ಜೈನಕವಿ ನಯಸೇನನು ಶುದ್ಧ ಕನ್ನಡದೊಳಗೆ ಹೊಂದದ ಸಂಸ್ಕೃತವನ್ನು ತುರುಕುವವರನ್ನು ಕಂಡು, ತುಪ್ಪಕ್ಕೆ ಎಣ್ಣೆ ಬೆರೆಸಿದರೆ ಸರಿಹೋಗುವುದೆ ಎಂಬರ್ಥದಲ್ಲಿ ಕೇಳಿದನು. ರಾಗಕ್ಕೆ ಡಿಸ್ಕೊ ಬೆರೆಸಿದಾಗಲೂ ಇದೇ ಪ್ರಶ್ನೆ ಏಳುತ್ತದೆ. ಇದು ತುಪ್ಪದಲ್ಲಿ ಎಣ್ಣೆಯೋ, ಹಾಲಿನಲ್ಲಿ ಬೆಲ್ಲವೋ? ಬೆರಕೆ ಎಂದಾಕ್ಷಣ ತಿರಸ್ಕರಿಸುವುದೂ ಹೊಸದೆಂದಾಕ್ಷಣ ತಲೆಯ ಮೇಲೆ ಹೊರುವುದೂ ವಿಮರ್ಶೆಯಾಗದು. ಬೆರೆತ ಎರಡು ವಸ್ತುಗಳು ಒಂದರ ಗುಣವನ್ನು ಇನ್ನೊಂದು ಉಳಿಸಿದವೇ ಕೆಡಿಸಿದವೇ ಎಂದು ನೋಡಬೇಕು.

ಮೊದಲು ಕೃತಿಕಾರರ ಪರಿಚಯ. 1940ರಲ್ಲಿ ಜನಿಸಿದ ಚರಣಜಿತ್ ಸಿಂಗ್ ಅವರು ಹಿಂದಿ ಚಲನಚಿತ್ರಗಳ ವಾದ್ಯಗೋಷ್ಠಿಗಳಲ್ಲಿ ದೀರ್ಘಕಾಲ ದುಡಿದವರು. ಗಿಟಾರು, ಬೇಸ್ ಗಿಟಾರು, ಕೀಲಿಮಣೆಯ ವಾದ್ಯಗಳು ಅವರ ಕೈಗೆ ಒಗ್ಗಿದ್ದವು. ಆರ್.ಡಿ. ಬರ್ಮನ್‌ರಂತಹ ಸಂಗೀತ ನಿರ್ದೇಶಕರ ಹಾಡುಗಳ ಹಿಂದೆ ಅವರ ಕೈಚಳಕವಿತ್ತು. ಚಿತ್ರದ ಫಲಕದ ಮೇಲೆ ನಿರ್ದೇಶಕರ ಹೆಸರು ಬರುತ್ತದೆ, ಗಾಯಕರ ಹೆಸರು ಬರುತ್ತದೆ. ವಾದಕನ ಹೆಸರು ಬರುವುದು ಅಪರೂಪ. ಹೀಗೆ ತೆರೆಯ ಹಿಂದೆ ಉಳಿದವರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ತಂದ ಸ್ವತಂತ್ರ ಪ್ರಯೋಗ ಇದು.

ಕಾಲವನ್ನೂ ನೆನೆಯಬೇಕು. ಅದು ಹಿಂದಿ ಚಿತ್ರರಂಗಕ್ಕೆ ಡಿಸ್ಕೊ ಜ್ವರ ಬಂದಿದ್ದ ಕಾಲ. 1980ರ ‘ಕುರ್ಬಾನಿ’ ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಗೀತೆ ಆ ಜ್ವರವನ್ನು ಮನೆಮನೆಗೆ ಹಬ್ಬಿಸಿತು. ಅದಕ್ಕೆ ರಾಗ ಸಂಯೋಜಿಸಿದ ಬಿದ್ದು ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಎಂಬ ಹಾಡನ್ನು ನಿರ್ಮಿಸಿ ಜಗತ್ಪ್ರಸಿದ್ಧರಾದವರು. ಹೀಗೆ ಭಾರತದ ಡಿಸ್ಕೊ ಅಲೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಆದರೆ ಆ ಹಾಡುಗಳಲ್ಲಿ ಇದ್ದದ್ದು ಪಾಶ್ಚಾತ್ಯ ತಾಳಕ್ಕೆ ಹೊಂದಿಸಿದ ಹಗುರ ಧಾಟಿ. ಚರಣಜಿತ್ ಸಿಂಗ್ ಅವರು ಹಿಡಿದ ದಾರಿ ಬೇರೆ. ತಬಲವನ್ನು ಬದಿಗಿಟ್ಟು, ಆ ಜಾಗದಲ್ಲಿ ಡಿಸ್ಕೊ ಬಡಿತವನ್ನು ಕೂರಿಸಿ, ಅದರ ಮೇಲೆ ನಿಜವಾದ ರಾಗಗಳನ್ನೇ ನುಡಿಸಿದರೆ ಹೇಗಿರುತ್ತದೆಂದು ಅವರು ಯೋಚಿಸಿದರು.

ಅವರು ಬಳಸಿದ ಯಂತ್ರಗಳು ಮೂರು, ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಸ್ವರ ನುಡಿಸಲು ಜ್ಯುಪಿಟರ್-8 ಎಂಬ ಸಿಂಥೆಸೈಜರ್, ತಾಳಕ್ಕೆ ಟಿಆರ್-808, ಕೆಳಸ್ಥಾಯಿಯ ಮಂದ್ರಧ್ವನಿಗೆ ಟಿಬಿ-303. ಈ ಕೊನೆಯ ಪುಟ್ಟ ಪೆಟ್ಟಿಗೆಯ ಕಥೆ ಸ್ವಾರಸ್ಯಕರವಾದದ್ದು. ಬೇಸ್ ಗಿಟಾರು ನುಡಿಸುವವರು ದೊರೆಯದಾಗ ಅಭ್ಯಾಸಕ್ಕೆ ಜೊತೆಯಾಗಲೆಂದು ಅದನ್ನು ಮಾಡಿದ್ದರು. 16 ಮನೆಗಳಲ್ಲಿ ಸ್ವರಗಳನ್ನು ತುಂಬಿಟ್ಟರೆ ಅದು ತಾನೇ ಸುತ್ತಿ ಸುತ್ತಿ ನುಡಿಸುತ್ತದೆ. ಆದರೆ ಗಿಟಾರಿನ ನಾದವನ್ನು ಅದು ಸ್ವಲ್ಪವೂ ಹೋಲಲಿಲ್ಲ. ಹೀಗಾಗಿ ವ್ಯಾಪಾರ ನಡೆಯದೆ 1984ರ ಹೊತ್ತಿಗೆ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದ ಅಂತಹ ಒಂದು ಪೆಟ್ಟಿಗೆ ಅಮೆರಿಕದ ಚಿಕಾಗೊ ನಗರದ ಮೂವರು ಯುವಕರ ಕೈಗೆ ಬಂತು. ಸ್ವರಮಾಲೆ ಸುತ್ತುತ್ತಿರುವಾಗಲೇ ಅದರ ಗುಬ್ಬಿಗಳನ್ನು ತಿರುವಿದಾಗ ಧ್ವನಿ ಬಾಗಿ, ಬಳುಕಿ, ಕೀರಲಾಗಿ, ಮತ್ತೆ ಗುಂಭವಾಗಿ ಹೊರಟಿತು. ಫ್ಯೂಚರ್ ಎಂಬ ಹೆಸರಿನ ಆ ತಂಡದ ‘ಆಸಿಡ್ ಟ್ರ್ಯಾಕ್ಸ್’ ಎಂಬ, ಹತ್ತು ನಿಮಿಷಕ್ಕೂ ಮೀರಿದ ರಚನೆ 1987ರಲ್ಲಿ ಪ್ರಕಟವಾಯಿತು. ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತದ ಒಂದು ಪಂಥವೇ ಅದರಿಂದ ಹೊರಟಿತು. ಸಿನಿಮಾದ ಆಶ್ರಯವಿಲ್ಲದೆ, ದೊಡ್ಡ ಪ್ರಚಾರವಿಲ್ಲದೆ, ಕೇಳಿದವರಿಂದ ಕೇಳುವವರಿಗೆ ಒಳಹಾದಿಯಲ್ಲಿಯೇ ಹರಿದ ಸಂಗೀತವದು.

ಮುಂಬಯಿಯ ತಟ್ಟೆ ಅದಕ್ಕಿಂತ ಐದು ವರ್ಷ ಹಿಂದಿನದು, ಮಂದ್ರದ ಯಂತ್ರ ಅದೇ, ನಾದವೂ ಬಹುಮಟ್ಟಿಗೆ ಅದೇ. ಆದರೆ ಹೊರಬಂದಾಗ ಅದನ್ನು ಕೊಂಡವರು ಕಡಿಮೆ, ಮೆಚ್ಚಿದವರು ಇನ್ನೂ ಕಡಿಮೆ. ಶಾಸ್ತ್ರೀಯ ಸಂಗೀತದ ಪ್ರಿಯರಿಗೆ ಅದು ಡಿಸ್ಕೊ. ಡಿಸ್ಕೊ ಪ್ರಿಯರಿಗೆ ಅದು ಶಾಸ್ತ್ರೀಯ. ಎರಡೂ ಮನೆಯವರು ಬಾಗಿಲು ತೆರೆಯಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2002ರಲ್ಲಿ, ಹಳೆಯ ತಟ್ಟೆಗಳನ್ನು ಹುಡುಕುತ್ತ ದಿಲ್ಲಿಗೆ ಬಂದಿದ್ದ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ಅದು ಒಂದು ಅಂಗಡಿಯಲ್ಲಿ ದೊರೆಯಿತು. ಅವರು ಮುಂಬಯಿಗೆ ಬಂದು ಚರಣಜಿತ್ ಸಿಂಗ್ ಅವರನ್ನು ಕಂಡರು. 2010ರಲ್ಲಿ ‘ಬಾಂಬೆ ಕನೆಕ್ಷನ್’ ಎಂಬ ತಮ್ಮ ಮುದ್ರೆಯಲ್ಲಿ ಅದನ್ನು ಮರುಪ್ರಕಟಿಸಿದರು. ಇದು ಈಚಿನವರು ಯಾರೋ ಮಾಡಿದ ಕೀಟಲೆ ಇರಬೇಕು, 1982ರಲ್ಲಿ ಇಂತಹ ನಾದ ಸಾಧ್ಯವೇ ಇರಲಿಲ್ಲ ಎಂದು ಯುರೋಪಿನ ಕೆಲವರು ಸಂಶಯಪಟ್ಟರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಚರಣಜಿತ್ ಸಿಂಗ್ ಅವರು ಅಲ್ಲಿಯ ವೇದಿಕೆಗಳ ಮೇಲೆ ತಾವೇ ನುಡಿಸಿ ತೋರಿಸಿದರು. 2015ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು.

‘ಆಸಿಡ್ ಹೌಸ್ ಹುಟ್ಟಿದ್ದು ಚಿಕಾಗೊದಲ್ಲಲ್ಲ, ಮುಂಬಯಿಯಲ್ಲಿ’ ಎಂಬ ಮಾತು ಈಗ ಪ್ರಚಾರದಲ್ಲಿದೆ. ಕೇಳಲು ಹಿತವಾದರೂ ಈ ಮಾತನ್ನು ಎಚ್ಚರದಿಂದ ಆಡಬೇಕು. ಚಿಕಾಗೊದ ಯುವಕರು ಈ ತಟ್ಟೆಯನ್ನು ಕೇಳಿ ಕಲಿತವರಲ್ಲ. ಚರಣಜಿತ್ ಸಿಂಗ್ ಅವರೂ ಹೊಸ ಪಂಥ ಕಟ್ಟಲು ಹೊರಟವರಲ್ಲ. ಒಂದೇ ಬಗೆಯ ಉಪಕರಣ ಇಬ್ಬರು ಕುಶಲರ ಕೈಗೆ ಸಿಕ್ಕಾಗ ಒಂದೇ ಬಗೆಯ ನಾದ ಎರಡು ಕಡೆ ಹುಟ್ಟಿತು, ಅಷ್ಟೆ. ಮೊದಲಿಗನೆಂಬ ಪಟ್ಟ ಇತಿಹಾಸದ ಪುಟದಲ್ಲಿ ಒಂದು ಸಾಲು ಕೊಡಬಲ್ಲದು. ಒಮ್ಮೆ ಕೇಳಿದವನನ್ನು ಮತ್ತೆ ಕೇಳುವಂತೆ ಮಾಡುವ ಶಕ್ತಿ ಆ ಪಟ್ಟಕ್ಕಿಲ್ಲ. ಈ ತಟ್ಟೆಯನ್ನು ಇಂದಿಗೂ ಮತ್ತೆ ಮತ್ತೆ ಕೇಳುತ್ತಿದ್ದಾರೆಂದರೆ ಕಾರಣವನ್ನು ತಟ್ಟೆಯೊಳಗೇ ಹುಡುಕಬೇಕು.

ಹಾಗೆ ಹುಡುಕುವ ಅಧಿಕಾರ ನಮ್ಮ ಸೀಮೆಯವರಿಗೆ ಇದೆಯೆಂದು ಹೇಳಿದರೆ ಅತಿಶಯವಾಗದು. ನಮ್ಮ ದಾನೋಳಿಯ ಸುತ್ತಣ ನೆಲ ರಾಗದ ನೆಲ. ಗ್ವಾಲಿಯರ್ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ ಅವರ ಹೆಸರಿನೊಂದಿಗೇ ಇಚಲಕರಂಜಿ ಇದೆ. ಅವರ ಶಿಷ್ಯರಾದ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಹುಟ್ಟಿದ್ದು ಪಕ್ಕದ ಕುರುಂದವಾಡದಲ್ಲಿ. ಅಲ್ಲಾದಿಯಾ ಖಾನರು ಕೊಲ್ಲಾಪುರದ ಶಾಹೂ ಮಹಾರಾಜರ ಆಶ್ರಯದಲ್ಲಿದ್ದರು. ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್‌ರಲ್ಲಿ ಕಲಿತು ಮಲ್ಲಿಕಾರ್ಜುನ ಮನ್ಸೂರರು ಕನ್ನಡನಾಡಿಗೆ ಆ ಪರಂಪರೆಯನ್ನು ತಂದರು. ಅಬ್ದುಲ್ ಕರೀಂ ಖಾನರು ನೆಲೆಸಿದ ಮಿರಜಿನಲ್ಲಿ ಇಂದಿಗೂ ತಂಬೂರಿ ತಯಾರಾಗುತ್ತದೆ. ಯುರೋಪಿನ ಯುವಕ ಈ ತಟ್ಟೆಯಲ್ಲಿ ಕೇಳುವುದು ಬಡಿತವನ್ನು. ನಾವು ಅದರಲ್ಲಿ ಭೈರವವನ್ನೂ ಕೇಳಬಲ್ಲೆವು.

ಭೈರವವೇ ಇದರ ಮೊದಲ ರಾಗ. ಅನಂತರ ಲಲಿತ, ಭೂಪಾಲಿ, ತೋಡಿ, ಮಧುವಂತಿ. ಮೇಘ ಮಲ್ಹಾರ, ಯಮನ್, ಕಲಾವತಿ, ಮಾಲಕಂಸ, ಕೊನೆಗೆ ಬೈರಾಗಿ. ಒಂದೊಂದಕ್ಕೂ ಸುಮಾರು ಐದು ನಿಮಿಷ. ಆಯ್ಕೆಯಲ್ಲಿಯೇ ವಿವೇಕವಿದೆ. ಭೂಪಾಲಿ, ಕಲಾವತಿ, ಮಾಲಕಂಸ, ಬೈರಾಗಿ ಐದೈದು ಸ್ವರದ ರಾಗಗಳು. ಎರಡು ನಿಮಿಷದೊಳಗೆ ಮುಖ ತೋರಿಸಬಲ್ಲವು. ಕಲಾವತಿಯಂತೂ ನಮ್ಮ ದಕ್ಷಿಣದ ವಲಜಿಯ ಬಂಧು. ಸಮಯದ ಕಟ್ಟಳೆಯನ್ನು ವಾದಕರು ಪೂರ್ತಿಯಾಗಿ ಪಾಲಿಸಿಲ್ಲ. ಸಂಜೆಯ ಭೂಪಾಲಿಯ ಬೆನ್ನಿಗೇ ಬೆಳಗಿನ ತೋಡಿ ಬರುತ್ತದೆ. ಆದರೂ ನಡುರಾತ್ರಿಯ ಮಾಲಕಂಸದ ನಂತರ ಬೈರಾಗಿ ಬಂದಾಗ ಮತ್ತೆ ಬೆಳಕು ಹರಿದಂತಾಗುತ್ತದೆ.

ಈ ರಚನೆಗಳ ಆಕರ್ಷಣೆಯ ಮೂಲ ಯಾವುದೆಂದು ಕೇಳಿದರೆ, ಅದರ ಅಚಲತೆ ಎಂದು ಹೇಳುತ್ತೇನೆ. ಪಾಶ್ಚಾತ್ಯ ಧಾಟಿಯ ಹಾಡಿನಲ್ಲಿ ಕೆಳಗಿನ ಸ್ವರಮೇಳ ಸಾಲುಸಾಲಿಗೆ ಬದಲಾಗುತ್ತ ಹೋಗುತ್ತದೆ. ಕೇಳುವವನ ಮನಸ್ಸು ಅದರೊಡನೆ ಮನೆಯಿಂದ ಮನೆಗೆ ಅಲೆಯುತ್ತದೆ. ಇಲ್ಲಿ ನೆಲ ಬದಲಾಗುವುದಿಲ್ಲ. ಷಡ್ಜವನ್ನು ನೆಚ್ಚಿದ ಮಂದ್ರದ ಸುತ್ತು, ಅದರೊಡನೆ ಒಂದೇ ಸಮನಾದ ಬಡಿತ. ನಮ್ಮ ಸಂಗೀತದಲ್ಲಿ ತಂಬೂರಿ ಮಾಡುವ ಕೆಲಸವೂ ಇದೇ. ಹಿನ್ನೆಲೆ ಕದಲದೆ ಇದ್ದಾಗಲೇ ಅದರ ಮುಂದೆ ಕೋಮಲ ರಿಷಭ ಒಂದೆಳೆ ಅಲುಗಿದರೂ ಕಿವಿಗೆ ಬೀಳುತ್ತದೆ. ಹತ್ತು ಸ್ವರಮೇಳಗಳ ಸಂತೆಯಲ್ಲಿ ಆ ಅಲುಗಾಟ ಕಳೆದುಹೋಗುತ್ತಿತ್ತು. ಡಿಸ್ಕೊ ತಾಳಕ್ಕೂ ರಾಗಕ್ಕೂ ಮೇಲ್ನೋಟಕ್ಕೆ ಕಾಣದ ನಂಟೊಂದು ಇದೆ: ಎರಡೂ ಬದಲಾಗದ ನೆಲೆಯನ್ನು ಬಯಸುತ್ತವೆ. ಚರಣಜಿತ್ ಸಿಂಗ್ ಅವರು ಕಂಡುಕೊಂಡದ್ದು ಈ ನಂಟನ್ನು.

ಅದೇ ಕಾಲದಲ್ಲಿ ಇದಕ್ಕೆ ಸಮಾನಾಂತರವಾದ ಕೆಲಸ ಬೆಂಗಳೂರಿನಲ್ಲಿಯೂ ನಡೆದಿತ್ತು. ಇಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ ಅವರು 1970ರ ದಶಕದಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ರೂಪಿಸಿದರು. ಇಂದು ನಮ್ಮ ಭಜನಾ ಮಂಡಳಿಗಳಲ್ಲಿ, ಸಂಗೀತ ಕಲಿಯುವ ಮಕ್ಕಳ ಮನೆಗಳಲ್ಲಿ ಅಂತಹ ಪೆಟ್ಟಿಗೆ ಸಾಮಾನ್ಯವಾಗಿದೆ. ತಂಬೂರಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ನಾವು ಹಿಂಜರಿಯಲಿಲ್ಲ. ಹಾಗಿರುವಾಗ ಮುಂಬಯಿಯ ವಾದಕರು ತಾಳದ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದ್ದು ಅಷ್ಟೊಂದು ದೂರದ ಮಾತೇನಲ್ಲ.

ಎರಡನೆಯ ಗುಣ ಮೀಂಡು. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು ರಾಗದ ಜೀವ. ನಮ್ಮ ಶಾಲೆಗಳ ಪ್ರಾರ್ಥನೆಗೂ ಊರಿನ ಭಜನೆಗೂ ಆಧಾರವಾದ ಪೇಟಿಗೆ ಈ ಜಾರು ಬಾರದು. ಅದರ ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆ. ಈ ಕಾರಣವೂ ಸೇರಿ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಬಹಿಷ್ಕರಿಸಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಆಶ್ಚರ್ಯವೆಂದರೆ, ಪೇಟಿಗೆ ಆಗದ ಜಾರು ಈ ವಿದ್ಯುತ್ ಯಂತ್ರಕ್ಕೆ ಆಗುತ್ತದೆ. ಟಿಬಿ-303ರ 16 ಮನೆಗಳಲ್ಲಿ ಯಾವ ಸ್ವರ ಮುಂದಿನದಕ್ಕೆ ಜಾರಬೇಕೆಂದು ಗುರುತು ಹಾಕಬಹುದು. ಕೀಲಿಮಣೆಯ ಸ್ವರವನ್ನೂ ಜಾರಿಸುವ ಏರ್ಪಾಡು ಸಿಂಥೆಸೈಜರಿನಲ್ಲಿದೆ. ಚರಣಜಿತ್ ಸಿಂಗ್ ಅವರು ಅದನ್ನು ಬಳಸಿದ ರೀತಿಯಲ್ಲಿ ರಾಗ ಬಲ್ಲವರ ಕೈ ಕಾಣುತ್ತದೆ. ಯಂತ್ರ ಪರದೇಶದ್ದಾದರೂ ಅದರ ನುಡಿಗಟ್ಟು ನಮ್ಮದು.

ಇನ್ನು ದೋಷಗಳು. ಗುಣವನ್ನಷ್ಟೇ ಹೇಳಿ ದೋಷವನ್ನು ಮುಚ್ಚಿದರೆ ಅದು ಅಭಿನಂದನ ಪತ್ರವಾದೀತು. ಮೊದಲನೆಯದು, ಈ ತಾಳದಲ್ಲಿ ಖಾಲಿ ಇಲ್ಲ. ತೀನ್‌ತಾಲದ 16 ಮಾತ್ರೆಗಳನ್ನು ಇದರ ಮೇಲೆ ಎಣಿಸಿಕೊಳ್ಳಬಹುದು, ಲೆಕ್ಕ ಕೂಡಿಬರುತ್ತದೆ. ಆದರೆ ತಬಲಾ ಒಂಬತ್ತನೆಯ ಮಾತ್ರೆಯ ಹತ್ತಿರ ಡಗ್ಗಾದ ಭಾರವನ್ನು ಇಳಿಸಿ ಬಯಲು ಮಾಡುತ್ತದೆ. ಆ ಬಯಲಿನಿಂದಾಗಿ ಸಮ್ ಬರುವ ಮುಂಚೆ ಒಂದು ನಿರೀಕ್ಷೆ ಹುಟ್ಟುತ್ತದೆ. ಯಂತ್ರದ ಬಡಿತಕ್ಕೆ ಎಲ್ಲ ಮಾತ್ರೆಯೂ ಒಂದೇ. ಅದರಿಂದ ಮುಂದೆ ಸಾಗುವ ಭಾವ ಬರುತ್ತದೆಯೇ ಹೊರತು ಮನೆಗೆ ಮರಳುವ ಭಾವ ಬರುವುದಿಲ್ಲ. ಎರಡನೆಯದು, ಆಲಾಪಕ್ಕೆ ಇಲ್ಲಿ ಎಡೆಯಿಲ್ಲ. ಭೂಪಾಲಿ, ಕಲಾವತಿಗಳು ಈ ಓಟವನ್ನು ತಾಳಿಕೊಳ್ಳುತ್ತವೆ. ತೋಡಿಯ ಗಾಂಧಾರ, ಭೈರವದ ರಿಷಭ-ಧೈವತಗಳಿಗೆ ಬೇಕಾದ ನಿಧಾನದ ಆಂದೋಲನಕ್ಕೆ ಮಾತ್ರ ಸಾಕಷ್ಟು ಬಿಡುವು ದೊರೆಯುವುದಿಲ್ಲ. ಮಾಲಕಂಸದ ಗಾಂಭೀರ್ಯವೂ ಈ ವೇಗದಲ್ಲಿ ಸ್ವಲ್ಪ ತೆಳುವಾಗುತ್ತದೆ. ಇವನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು.

ಆದರೆ ಐದೇ ನಿಮಿಷವೆಂಬ ಆಕ್ಷೇಪವೊಂದನ್ನು ನಾನು ಒಪ್ಪಲಾರೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಾಫೋನಿಗೆ ಹಾಡಿದಾಗ ರಾಗಕ್ಕೆ ದೊರೆತದ್ದು ಮೂರು ನಿಮಿಷದ ಆಸುಪಾಸು. ಆ ಗಾಯಕಿ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ಮಡಿದರು. ಅಬ್ದುಲ್ ಕರೀಂ ಖಾನರ ತಟ್ಟೆಗಳೂ ಅದೇ ಅಳತೆಯವು. ಅಂದಿನ ಎಷ್ಟೋ ಉಸ್ತಾದರು ಯಂತ್ರದ ಮುಂದೆ ಹಾಡಲು ಹಿಂಜರಿದರು. ಹಾಡಿದವರು ರಾಗದ ಸಾರವನ್ನು ಮೂರು ನಿಮಿಷದಲ್ಲಿ ಹಿಂಡಿಕೊಡುವ ಹೊಸ ಕಲೆಯನ್ನೇ ಕಲಿತರು. ನಮ್ಮ ಸೀಮೆಯ ಗಾಣದಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲದ ಪೆಂಟೆಯಾದಂತೆ ಅದು. ಹಾಲಿನ ತಂಪು ಹೋಯಿತು, ನಿಜ. ಆದರೆ ಬೆಲ್ಲ ದೂರದವರೆಗೆ ಹೋಗಿ ಬಹುಕಾಲ ಉಳಿಯಿತು.

ಇಷ್ಟೆಲ್ಲ ಹೇಳಲು ಇನ್ನೊಂದು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಯಂತ್ರಸಂಗೀತವೆಂದರೆ ಹಿರಿಯರ ಕಣ್ಣಮುಂದೆ ಬರುವುದು ಗಣೇಶ ವಿಸರ್ಜನೆಯ ಮೆರವಣಿಗೆಯ ಡಾಲ್ಬಿ. ಗೋಡೆಯಂತೆ ಜೋಡಿಸಿದ ಧ್ವನಿವರ್ಧಕಗಳು, ಎದೆಗೂಡು ನಡುಗಿಸುವ ಸದ್ದು, ಮನೆಯಲ್ಲಿ ಮಲಗಿದ ವೃದ್ಧರ, ಹಸುಗೂಸುಗಳ ಪಾಡು. ಆ ಬಗ್ಗೆ ಹಿರಿಯರ ಕೋಪ ನ್ಯಾಯವಾದದ್ದೇ. ಆದರೆ ಆ ಕೋಪದಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಒಂದಾಗಿಸುತ್ತೇವೆ. ಸದ್ದಿನ ಅತಿರೇಕ ಬೇರೆ, ಆವರ್ತನೆ ಬೇರೆ. ಆವರ್ತನೆ ನಮಗೆ ಪರಕೀಯವಲ್ಲ. ಏಕತಾರಿಯ ಒಂದೇ ತಂತಿ, ಭಜನೆಯ ತಾಳದ ಒಂದೇ ಪೆಟ್ಟು, ಜಪಮಾಲೆಯ ಒಂದೇ ಮಂತ್ರ ಎಲ್ಲವೂ ಆವರ್ತನೆಯೇ. ಇಚಲಕರಂಜಿಯ ಓಣಿಗಳಲ್ಲಿ ಹಗಲಿರುಳು ಪವರ್‌ಲೂಮಿನ ಖಟಖಟ ಕೇಳಿ ಬೆಳೆದವರಿಗೆ ಯಂತ್ರದ ಲಯವೂ ಮನುಷ್ಯನ ಬದುಕಿನ ಲಯವಾಗಬಲ್ಲದೆಂದು ಬೇರೆ ಹೇಳಬೇಕಿಲ್ಲ. ಆ ಬಡಿತ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಚರಣಜಿತ್ ಸಿಂಗ್ ಅವರ ತಟ್ಟೆಯನ್ನು ಮೆಲುದನಿಯಲ್ಲಿ ಕೇಳಿದರೂ ಅದರ ಸೊಗಸು ಕುಂದುವುದಿಲ್ಲ. ದನಿ ತಗ್ಗಿಸಿದಾಗ ಏನೂ ಉಳಿಯದ ಸಂಗೀತಕ್ಕೂ ದನಿ ತಗ್ಗಿಸಿದಾಗಲೂ ರಾಗ ಉಳಿಯುವ ಸಂಗೀತಕ್ಕೂ ಇರುವ ಭೇದವನ್ನು ಮಕ್ಕಳಿಗೆ ತಿಳಿಸಿಕೊಡುವುದು ನಮ್ಮ ಕರ್ತವ್ಯ. ‘ಎಲ್ಲವೂ ಗದ್ದಲ’ ಎಂದು ತಳ್ಳಿಹಾಕಿದರೆ ಅವರು ನಮ್ಮ ಮಾತನ್ನೂ ಕೇಳರು, ನಮ್ಮ ರಾಗವನ್ನೂ ಕೇಳರು.

ಆದ್ದರಿಂದ ಸಂಘದ ಕುಟುಂಬಗಳಿಗೆ ಒಂದು ಸಲಹೆ. ಮನೆಯ ಕಿರಿಯರೊಡನೆ ಕುಳಿತು ಈ ತಟ್ಟೆಯ ಭೂಪಾಲಿಯನ್ನು ಮೊದಲು ಕೇಳಿರಿ. ಐದು ಸ್ವರಗಳನ್ನು ಅವರಿಂದಲೇ ಗುರುತಿಸಿರಿ. ಅನಂತರ ಅದೇ ರಾಗವನ್ನು ನಮ್ಮ ಯಾವುದೇ ಹಿರಿಯ ಗಾಯಕರ ಕಂಠದಲ್ಲಿ ಕೇಳಿಸಿರಿ. ಯಂತ್ರದ ಬಾಗಿಲಿನಿಂದ ಒಳಬಂದ ಹುಡುಗ ಆಲಾಪದ ಪಡಸಾಲೆಯವರೆಗೆ ನಡೆದಾನು. ಹಿರಿಯರೂ ಅದೇ ಬಾಗಿಲಿನಿಂದ ಹೊರಬಂದು ಕಿರಿಯರ ಅಂಗಳವನ್ನು ನೋಡಿಯಾರು.

ಈಗ ನಯಸೇನನ ಪ್ರಶ್ನೆಗೆ ಮರಳೋಣ. ಬೆರಕೆ ಕೆಡುವುದು ಒಂದು ಇನ್ನೊಂದನ್ನು ನುಂಗಿದಾಗ. ಈ ತಟ್ಟೆಯಲ್ಲಿ ತಾಳ ರಾಗವನ್ನು ನುಂಗಿಲ್ಲ. ಕೆಲವೆಡೆ ಅವಸರಪಡಿಸಿದೆ, ಅಷ್ಟೆ. ಭೈರವ ಭೈರವವಾಗಿಯೇ, ಯಮನ್ ಯಮನ್ ಆಗಿಯೇ ಉಳಿದಿದೆ. ಮನೆಯಲ್ಲಿ ಕನ್ನಡ, ಶಾಲೆ-ಕಚೇರಿ-ಸಂತೆಯಲ್ಲಿ ಮರಾಠಿ ಆಡುತ್ತ ಬಾಳಿದ ನಮಗೆ ಈ ಬಗೆಯ ಬಾಳುವೆ ಅರ್ಥವಾಗದ ಸಂಗತಿಯಲ್ಲ. ಸುತ್ತಣ ತಾಳ ಬೇರೆಯದಾದರೂ ತನ್ನ ಸ್ವರಗಳನ್ನು ಬಿಡದೆ, ಆ ತಾಳದೊಡನೆ ಜಗಳವಾಡದೆ, ಅದನ್ನೇ ಆಧಾರ ಮಾಡಿಕೊಂಡು ಹಾಡುವುದು ನಾವೂ ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ.

ಕಡೆಯದಾಗಿ ಒಂದು ಖೇದದ ಮಾತು. ಈ ತಟ್ಟೆಯ ಬೆಲೆಯನ್ನು ನಮಗೆ ತಿಳಿಸಲು ಹಾಲೆಂಡಿನವರೊಬ್ಬರು ದಿಲ್ಲಿಯ ಅಂಗಡಿಯ ಧೂಳು ಜಾಡಿಸಬೇಕಾಯಿತು. ಅಷ್ಟರಲ್ಲಿ ವಾದಕರ ಬಾಳಿನ ಬಹುಪಾಲು ಕಳೆದಿತ್ತು. ನಮ್ಮ ಊರುಗಳಲ್ಲಿಯೂ ಹಾಡುಕಾರರಿದ್ದಾರೆ, ಪೇಟಿ ನುಡಿಸುವವರಿದ್ದಾರೆ, ಭಜನೆಯ ಹಳೆಯ ಧಾಟಿ ಬಲ್ಲ ಅಜ್ಜಿಯರಿದ್ದಾರೆ. ಹೊರಗಿನವರು ಬಂದು ಹೇಳುವ ತನಕ ಕಾಯದೆ ಅವರನ್ನು ಕೇಳುವ, ಕೇಳಿದ್ದನ್ನು ದಾಖಲಿಸಿ ಇಡುವ ಕೆಲಸವನ್ನು ಸಂಘವು ಕೈಗೊಳ್ಳಲಿ. ಇಂದು ಬಹುತೇಕ ಮನೆಗಳಲ್ಲಿ ಧ್ವನಿಮುದ್ರಣದ ಯಂತ್ರವಿದೆ, ಅದು ಕಿರಿಯರ ಜೇಬಿನಲ್ಲಿಯೇ ಇದೆ. ಅದನ್ನು ಹಿರಿಯರ ಮುಂದೆ ಹಿಡಿಯುವ ಕೈ ಬೇಕಾಗಿದೆ.